ಗೋಡೆ ಪಕ್ಕ ಸೋರುವ ಮನೆಗೆ ಯಾವ ಪಟ್ಟಿ ಬಾಳಿಕೆ ಬರುತ್ತದೆ?



ಮಳೆಗಾಲ ಮುಗಿದ ಮೇಲೆ ಸಂಘಗಳ ಸಾಲದ ಪುಸ್ತಕ ನೋಡಿದರೆ 'ಮನೆ ರಿಪೇರಿ' ಎಂಬ ಕಾರಣ ಹೆಚ್ಚಾಗಿ ಕಾಣುತ್ತದೆ. ಹುತ್ತೂರು ಸುತ್ತಿನ ಹಳ್ಳಿಗಳಾಗಲಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಹಳ್ಳಿಗಳಾಗಲಿ, ನಾವು ಸಭೆಗೆ ಹೋದಾಗ ಕೇಳುವ ಮಾತು ಹೆಚ್ಚುಕಡಿಮೆ ಒಂದೇ: "ಶೀಟೇನೋ ಹೊಸದೇ ಐತೆ ಸಿಸ್ಟರ್, ಆದ್ರೂ ಗೋಡೆ ಪಕ್ಕ ಸೋರ್ತೈತೆ." ಸಾಲ ತೆಗೆದು ಶೀಟು ಬದಲಾಯಿಸಿದ್ದಾಗಿದೆ, ಮೇಸ್ತ್ರಿಗೆ ಕೂಲಿ ಕೊಟ್ಟದ್ದಾಗಿದೆ, ಸಾಲದ ಕಂತು ಇನ್ನೂ ಮುಗಿದಿಲ್ಲ. ಅಷ್ಟರಲ್ಲಿ ಮತ್ತೆ ಪಾತ್ರೆ ಇಟ್ಟು ನೀರು ಹಿಡಿಯುವ ಕೆಲಸ ಶುರು.

ಇಂಥ ಮನೆಗಳಲ್ಲಿ ಹೆಚ್ಚಾಗಿ ದೋಷ ಇರುವುದು ಶೀಟು ಗೋಡೆಗೆ ಸೇರುವ ಸಂದಿನಲ್ಲಿ. ಆ ಸಂದನ್ನು ಮುಚ್ಚಲು ಹಾಕುವ ಮಡಚಿದ ತಗಡಿನ ಪಟ್ಟಿಗೆ ಅಂಗಡಿಯವರು 'ಫ್ಲಾಶಿಂಗ್' ಎನ್ನುತ್ತಾರೆ. ನಾವು ಇಲ್ಲಿ ಅದನ್ನು 'ಸಂದು ಪಟ್ಟಿ' ಎಂದು ಕರೆಯೋಣ. ಇಡೀ ಚಾವಣಿಯ ಖರ್ಚಿನಲ್ಲಿ ಇದರ ಪಾಲು ಚಿಕ್ಕದು. ಆದರೆ ಇದನ್ನು ಹಾಕದೆ ಬಿಟ್ಟರೆ, ಅಥವಾ ಸರಿಯಿಲ್ಲದ ವಸ್ತುವಿನಿಂದ ಹಾಕಿದರೆ, ಉಳಿದ ಖರ್ಚೆಲ್ಲ ನೀರುಪಾಲು. ಯಾವ ಮನೆಗೆ ಯಾವ ಪಟ್ಟಿ, ಏಕೆ, ಹೇಗೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ನೀರು ಎಲ್ಲಿಂದ ಒಳಗೆ ಬರುತ್ತದೆ?

ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಅದು 1 ಲೀಟರ್ ನೀರು. 20 ಅಡಿ ಉದ್ದ, 15 ಅಡಿ ಅಗಲದ ಚಾವಣಿ ಸುಮಾರು 28 ಚದರ ಮೀಟರ್ ಆಗುತ್ತದೆ. ಒಂದು ಸಂಜೆ 50 ಮಿ.ಮೀ. ಮಳೆ ಸುರಿದರೆ ಅದರ ಮೇಲೆ 1400 ಲೀಟರ್ ಬಿದ್ದ ಹಾಗೆ, ಅಂದರೆ 15 ಲೀಟರಿನ ಬಿಂದಿಗೆಯಲ್ಲಿ 90ಕ್ಕೂ ಹೆಚ್ಚು ಬಿಂದಿಗೆ. ಇದಲ್ಲದೆ ಗಾಳಿ ಸಮೇತ ಮಳೆ ಬಂದಾಗ ಎತ್ತರದ ಗೋಡೆಗೆ ಹೊಡೆದ ನೀರೂ ಗೋಡೆಯುದ್ದಕ್ಕೆ ಇಳಿದು ನೇರವಾಗಿ ಸಂದಿಗೇ ಬರುತ್ತದೆ. ನಮ್ಮ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಗುಡುಗು ಗಾಳಿಯ ಮಳೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಜೋರು ಮಳೆ. ಈ ಎರಡು ಹೊತ್ತಿನಲ್ಲಿಯೇ ಗೋಡೆ ಪಕ್ಕ ಸೋರುವುದು ಹೆಚ್ಚು.

ಹೀಗೆ ಇಳಿದ ನೀರು ನೆಲಕ್ಕೆ ಬಿದ್ದು ಹೋದರೆ ಒರೆಸಿಕೊಳ್ಳಬಹುದು. ಆದರೆ ಅದು ಗೋಡೆಯೊಳಗೆ ಇಳಿಯುತ್ತದೆ. ಮಣ್ಣಿನ ಗೋಡೆ ಮೆತ್ತಗಾಗುತ್ತದೆ. 2021ರ ನವೆಂಬರ್ ತಿಂಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಸುರಿದ ಭಾರಿ ಮಳೆಗೆ ನೆನೆದ ಗೋಡೆಗಳು ಕುಸಿದದ್ದನ್ನು ನಾವೆಲ್ಲ ಬಲ್ಲೆವು. ಇಟ್ಟಿಗೆ ಗೋಡೆಯಾದರೆ ಗಾರೆ ಉದುರುತ್ತದೆ, ಬೂಷ್ಟು ಹಿಡಿಯುತ್ತದೆ, ಮಕ್ಕಳಿಗೆ ಕೆಮ್ಮು ದಮ್ಮು ಹೆಚ್ಚಾಗುತ್ತದೆ. ಒದ್ದೆ ಗೋಡೆಯಲ್ಲಿ ಸ್ವಿಚ್ ಬೋರ್ಡ್ ಇದ್ದರೆ ಪ್ರಾಣಕ್ಕೇ ಅಪಾಯ.

ಸಿಮೆಂಟ್ ಮೆತ್ತಿದರೆ ಏಕೆ ನಿಲ್ಲುವುದಿಲ್ಲ?

ನಮ್ಮ ಕಡೆ ಸಾಮಾನ್ಯವಾಗಿ ಮೇಸ್ತ್ರಿಗಳು ಮಾಡುವುದು ಒಂದೇ ಕೆಲಸ. ಸಂದಿಗೆ ಎರಡು ಬಾಣಲೆ ಸಿಮೆಂಟ್ ಗಾರೆ ಹಾಕಿ ಕರಣೆಯಿಂದ ನುಣ್ಣಗೆ ಎಳೆದುಬಿಡುತ್ತಾರೆ. ಮೊದಲ ಮಳೆಗೆ ಚೆನ್ನಾಗಿಯೇ ಇರುತ್ತದೆ. ಒಂದು ಬೇಸಿಗೆ ಕಳೆದರೆ ಕೂದಲೆಳೆಯಂಥ ಬಿರುಕು, ಎರಡನೇ ಬೇಸಿಗೆಗೆ ಬೆರಳಿನ ಉಗುರು ಹೋಗುವಷ್ಟು ಬಿರುಕು.

ಇದಕ್ಕೆ ಕಾರಣ ಬಿಸಿಲು. ಬೇಸಿಗೆಯ ಮಧ್ಯಾಹ್ನ ತಗಡಿನ ಶೀಟು ಕೈ ಇಡಲಾರದಷ್ಟು ಕಾಯುತ್ತದೆ, ರಾತ್ರಿ ತಣ್ಣಗಾಗುತ್ತದೆ. ಹಗಲಿಗೂ ರಾತ್ರಿಗೂ 40 ಡಿಗ್ರಿ ವ್ಯತ್ಯಾಸ ಬಿತ್ತು ಎಂದುಕೊಳ್ಳಿ. ಆಗ 3 ಮೀಟರ್ ಅಂದರೆ ಸುಮಾರು 10 ಅಡಿ ಉದ್ದದ ಕಬ್ಬಿಣದ ತಗಡು ಒಂದೂವರೆ ಮಿ.ಮೀ.ನಷ್ಟು ಹಿಗ್ಗಿ ಕುಗ್ಗುತ್ತದೆ. ಅಲ್ಯೂಮಿನಿಯಂ ಆದರೆ ಅದರ ಎರಡರಷ್ಟು, ಹತ್ತಿರ ಹತ್ತಿರ 3 ಮಿ.ಮೀ. ಪ್ಲಾಸ್ಟಿಕ್ ಪಟ್ಟಿ ಇನ್ನೂ ಹೆಚ್ಚು. ನೆರಳಲ್ಲಿರುವ ದಪ್ಪ ಗೋಡೆ ಅಷ್ಟು ಕಾಯುವುದೂ ಇಲ್ಲ, ಅಲ್ಲಾಡುವುದೂ ಇಲ್ಲ. ಇದರ ಮೇಲೆ ಗಾಳಿ ಬೀಸಿದಾಗ ಶೀಟು ಮೇಲಕ್ಕೆ ಎದ್ದು ಕೆಳಕ್ಕೆ ಕೂರುತ್ತದೆ. ದಿನಾ ಅಲ್ಲಾಡುವ ವಸ್ತುವನ್ನು ಅಲ್ಲಾಡದ ಗೋಡೆಗೆ ಗಾರೆಯಿಂದ ಅಂಟಿಸಿದರೆ, ಗಾರೆಗೆ ಎಳೆದರೆ ಬಗ್ಗುವ ಗುಣ ಇಲ್ಲವಾದ್ದರಿಂದ ಬಿರುಕು ಬಿಡಲೇಬೇಕು. ಸಿಮೆಂಟ್ ಕೆಟ್ಟದ್ದು ಎಂದಾಗಲಿ, ಮೇಸ್ತ್ರಿ ಮೋಸ ಮಾಡಿದ ಎಂದಾಗಲಿ ಅಲ್ಲ. ಆ ಜಾಗಕ್ಕೆ ಆ ವಸ್ತು ಹೊಂದುವುದಿಲ್ಲ, ಅಷ್ಟೆ.

ಸಂದು ಪಟ್ಟಿ ಕೆಲಸ ಮಾಡುವ ರೀತಿಯೇ ಬೇರೆ. ಅದರ ಮೇಲಂಚು ಗೋಡೆಯೊಳಗೆ ಸೇರಿಕೊಂಡಿರುತ್ತದೆ, ಕೆಳಗಿನ ಭಾಗ ಸೆರಗು ಹೊದ್ದ ಹಾಗೆ ಶೀಟಿನ ಮೇಲೆ ಬಿದ್ದಿರುತ್ತದೆ. ಶೀಟು ಅದರಡಿಯಲ್ಲಿ ಹಿಗ್ಗಲಿ ಕುಗ್ಗಲಿ, ನೀರು ಮಾತ್ರ ಸೆರಗಿನ ಮೇಲಿಂದ ಜಾರಿ ಹೋಗುತ್ತದೆ.

ಕರಾವಳಿಯವರಿಂದ ನಾವು ಕಲಿಯಬೇಕಾದ್ದು

ಚಾವಣಿ ಸಾಮಾನಿನ ವಿಷಯದಲ್ಲಿ ಕಷ್ಟದ ಪರೀಕ್ಷೆ ನಡೆಯುವುದು ಮಂಗಳೂರು, ಉಡುಪಿ, ಕಾರವಾರದಂಥ ಊರುಗಳಲ್ಲಿ. ಅಲ್ಲಿ ವರ್ಷಕ್ಕೆ 3500 ಮಿ.ಮೀ.ಗೂ ಹೆಚ್ಚು ಮಳೆ. ನಮ್ಮ ಕೋಲಾರದಲ್ಲಿ 700 ಮಿ.ಮೀ. ಆಸುಪಾಸು. ಮಳೆಗಿಂತಲೂ ಅಲ್ಲಿಯ ದೊಡ್ಡ ಶತ್ರು ಕಡಲ ಗಾಳಿಯಲ್ಲಿ ಬರುವ ಉಪ್ಪು. ಉಪ್ಪು ತಗಡಿನ ಮೇಲೆ ಕೂತು ತೇವ ಹಿಡಿದಿಟ್ಟುಕೊಳ್ಳುತ್ತದೆ, ತೇವವೂ ಉಪ್ಪೂ ಸೇರಿ ಲೋಹವನ್ನು ತಿನ್ನುತ್ತವೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಮಂಗಳೂರು ಹೆಂಚು ಆ ಕಡೆ ಮನೆ ಮನೆಗೂ ಹರಡಿತು. ಸುಟ್ಟ ಮಣ್ಣಿಗೆ ತುಕ್ಕು ಹಿಡಿಯುವ ಮಾತೇ ಇಲ್ಲವಲ್ಲ.

ಲೋಹದ ಪಟ್ಟಿಯ ಬಾಳಿಕೆಯನ್ನು ಹೀಗೆ ಲೆಕ್ಕ ಹಾಕಬಹುದು. ಅಂಗಡಿಯಲ್ಲಿ ಸಿಗುವ ಜಿ.ಐ. ತಗಡು ಎಂದರೆ ಕಬ್ಬಿಣದ ಮೇಲೆ ಸತುವಿನ ಲೇಪ. ಸತು ತಾನು ಮೊದಲು ಸವೆದು ಕಬ್ಬಿಣವನ್ನು ಕಾಪಾಡುತ್ತದೆ. ಎಷ್ಟು ಲೇಪ ಇದೆ ಎಂಬುದನ್ನು ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು, ಎರಡೂ ಮುಖ ಸೇರಿಸಿ ಹೇಳುತ್ತಾರೆ. 120 ಗ್ರಾಂ ಲೇಪ ಎಂದರೆ ಒಂದು ಮುಖಕ್ಕೆ ಸುಮಾರು 8 ಮೈಕ್ರಾನ್ ಸತು. 275 ಗ್ರಾಂ ಎಂದರೆ ಸುಮಾರು 19 ಮೈಕ್ರಾನ್. ಸಾವಿರ ಮೈಕ್ರಾನ್ ಸೇರಿದರೆ 1 ಮಿ.ಮೀ.

ಗಾಳಿ ಲೋಹವನ್ನು ಎಷ್ಟು ಸವೆಸುತ್ತದೆ ಎಂಬುದಕ್ಕೆ ಐ.ಎಸ್.ಓ. 9223 ಎಂಬ ಅಂತರರಾಷ್ಟ್ರೀಯ ಮಾನಕ ಇದೆ. ಅದರಂತೆ ಉಪ್ಪು, ಹೊಗೆ ಕಡಿಮೆ ಇರುವ ಹಳ್ಳಿಗಾಡಿನ ಗಾಳಿಯಲ್ಲಿ ಮೊದಲ ವರ್ಷಕ್ಕೆ ಸವೆಯುವ ಸತು 0.1ರಿಂದ 0.7 ಮೈಕ್ರಾನ್. ಉಪ್ಪು ಜಾಸ್ತಿ ಇರುವ ಕಡಲ ತೀರದಲ್ಲಿ 4.2ರಿಂದ 8.4 ಮೈಕ್ರಾನ್. ಅಂದರೆ 120 ಗ್ರಾಂ ಲೇಪದ ತಗಡು ಕಡಲ ಅಂಚಿನಲ್ಲಿ ಒಂದೆರಡು ವರ್ಷಕ್ಕೇ ಸತು ಕಳೆದುಕೊಳ್ಳಬಹುದು. ಅದೇ ತಗಡು ನಮ್ಮ ಒಣ ಹಳ್ಳಿಯಲ್ಲಿ ಹತ್ತು ವರ್ಷ ದಾಟಬಹುದು. 275 ಗ್ರಾಂ ಲೇಪದ್ದಾದರೆ ಇನ್ನೂ ಎರಡರಷ್ಟು ಕಾಲ.

ಆದ್ದರಿಂದ ಕರಾವಳಿಯಲ್ಲಿ ಮನೆ ಕಟ್ಟುವವರು ತೆಳು ಜಿ.ಐ. ಪಟ್ಟಿ ಹಾಕಬಾರದು. ಅಲ್ಲಿ ಅಲ್ಯೂಮಿನಿಯಂ, ಅಥವಾ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸೂಕ್ತ. 304 ಎಂಬ ಸಾಮಾನ್ಯ ದರ್ಜೆಯ ಸ್ಟೀಲಿನ ಮೇಲೂ ಕಡಲ ಉಪ್ಪು ಕಂದು ಕಲೆ ಹಿಡಿಸುತ್ತದೆ. 316ರಲ್ಲಿ ಮಾಲಿಬ್ಡಿನಂ ಎಂಬ ಲೋಹ ಸೇರಿರುವುದರಿಂದ ಅದು ಉಪ್ಪನ್ನು ಚೆನ್ನಾಗಿ ತಡೆಯುತ್ತದೆ. ಮಗಳನ್ನು ಆ ಕಡೆಗೆ ಮದುವೆ ಮಾಡಿಕೊಟ್ಟವರು, ಮಕ್ಕಳು ಆ ಕಡೆ ಮನೆ ಕಟ್ಟುತ್ತಿರುವವರು ಇದನ್ನು ತಿಳಿಸಿ.

ನಮಗೆ ಹತ್ತಿರದ ಕಡಲು ಎಂದರೆ ಚೆನ್ನೈ ಕಡೆಯದು, ಅದೂ 200 ಕಿಲೋಮೀಟರಿಗಿಂತ ದೂರ. ನಮ್ಮ ಮನೆಗಳ ಶತ್ರು ಉಪ್ಪಲ್ಲ. ಬಿಸಿಲು ಮತ್ತು ಗಾಳಿ. ಹಾಗಾಗಿ "ಇದು ಕೋಸ್ಟಲ್ ಕ್ವಾಲಿಟಿ ಅಮ್ಮಾ, ಎಲ್ಲಕ್ಕಿಂತ ಬೆಸ್ಟು" ಎಂದು ಯಾರಾದರೂ ದುಬಾರಿ ಮಾಲು ತೋರಿಸಿದರೆ, ನಮ್ಮ ವಾಸದ ಮನೆಗೆ ಅದರ ಅಗತ್ಯವಿಲ್ಲ ಎಂದು ಧೈರ್ಯವಾಗಿ ಹೇಳಿ. ಆ ಹಣವನ್ನು ಹೆಚ್ಚು ಲೇಪದ ಜಿ.ಐ. ತಗಡಿಗೂ ಒಳ್ಳೆಯ ಸ್ಕ್ರೂಗಳಿಗೂ ಹಾಕಿದರೆ ಲಾಭ.

ಕೊಟ್ಟಿಗೆ ಮತ್ತು ರೇಷ್ಮೆ ಮನೆ: ಇಲ್ಲಿ ಲೆಕ್ಕ ಬೇರೆ

ಆದರೆ ನಮ್ಮ ಊರುಗಳಲ್ಲೂ ಎರಡು ಜಾಗಗಳಲ್ಲಿ ಕಡಲ ತೀರದಂಥ ಕಷ್ಟವೇ ಇದೆ.

ಮೊದಲನೆಯದು ಹಸುವಿನ ಕೊಟ್ಟಿಗೆ. ಗಂಜಲದಿಂದ ಏಳುವ ಅಮೋನಿಯಾ ಆವಿ, ಸಗಣಿಯ ತೇವ ಎರಡೂ ಶೀಟಿನ ಒಳಮುಖಕ್ಕೆ ತಗುಲಿ ಸತುವನ್ನು ಬೇಗ ಸವೆಸುತ್ತವೆ. ಹೊರಗಿನಿಂದ ನೋಡಿದರೆ ಹೊಳೆಯುತ್ತಿರುವ ತಗಡು ಒಳಗಿನಿಂದ ತುಕ್ಕಾಗಿರುತ್ತದೆ. ಎರಡನೆಯದು ಹುಳು ಸಾಕುವ ಮನೆ. ಪ್ರತಿ ಬೆಳೆಗೂ ಸೋಂಕು ನಿವಾರಣೆಗೆ ಬ್ಲೀಚಿಂಗ್ ಪುಡಿ ಬಳಸುತ್ತೇವೆ. ಅದರಲ್ಲಿರುವ ಕ್ಲೋರಿನ್ ಲೋಹಕ್ಕೆ ಕಡಲ ಉಪ್ಪಿನಷ್ಟೇ ಕೆಟ್ಟದ್ದು, ಸತುವನ್ನೂ ತಿನ್ನುತ್ತದೆ, ಅಲ್ಯೂಮಿನಿಯಂ ಅನ್ನೂ ಬಿಡುವುದಿಲ್ಲ.

ಈ ಎರಡು ಕಡೆ ಬರಿಯ ತಗಡಿನ ಪಟ್ಟಿ ಹಾಕಬೇಡಿ. ಎರಡೂ ಮುಖಕ್ಕೆ ಬಣ್ಣದ ಲೇಪ ಇರುವ ಶೀಟಿನ ಪಟ್ಟಿಯನ್ನೇ ಹಾಕಿಸಿ. ಬ್ಲೀಚಿಂಗ್ ಸಿಂಪಡಿಸಿದ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ತಗಡು ಮತ್ತು ಸ್ಕ್ರೂಗಳ ಜಾಗವನ್ನು ಶುದ್ಧ ನೀರಿನಿಂದ ತೊಳೆಯಿರಿ. ಕೊಟ್ಟಿಗೆಯಲ್ಲಿ ಚಾವಣಿಯ ಕೆಳಗೆ ಗಾಳಿಯಾಡಲು ಜಾಗ ಬಿಡಿ. ಹಸುವಿಗೂ ಒಳ್ಳೆಯದು, ತಗಡಿಗೂ ಒಳ್ಳೆಯದು.

ಯಾವ ವಸ್ತು, ಯಾವುದಕ್ಕೆ?

1. ಜಿ.ಐ. ತಗಡು: ನಮ್ಮ ಭಾಗದ ವಾಸದ ಮನೆಗಳಿಗೆ ಸಾಕು. ಅರ್ಧ ಮಿ.ಮೀ. ದಪ್ಪ ಇರಲಿ. ಗೇಜ್ ನಂಬರ್ ಹೆಚ್ಚಾದಷ್ಟೂ ತಗಡು ತೆಳು ಎಂಬುದು ನೆನಪಿರಲಿ. 28 ಗೇಜ್ ಎಂದರೆ 24 ಗೇಜಿಗಿಂತ ತೆಳು. ದಪ್ಪದ ಜೊತೆಗೆ ಲೇಪ ಎಷ್ಟು ಗ್ರಾಂ ಎಂದು ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ತಗಡಿನ ಮೇಲಿನ ಅಚ್ಚು ಅಥವಾ ಬಂಡಲಿನ ಚೀಟಿ ತೋರಿಸಲು ಹೇಳಿ.

2. ಬಣ್ಣದ ಶೀಟಿನ ಪಟ್ಟಿ: ಚಾವಣಿಗೆ ಬಣ್ಣದ ಶೀಟು ಹಾಕಿದ್ದರೆ ಅದೇ ಮಾಲಿನ ಪಟ್ಟಿ ತೆಗೆದುಕೊಳ್ಳಿ. ಇಂಥ ಶೀಟುಗಳಲ್ಲಿ ಕೆಲವಕ್ಕೆ ಬಣ್ಣದ ಅಡಿಯಲ್ಲಿ ಸತು ಮತ್ತು ಅಲ್ಯೂಮಿನಿಯಂ ಬೆರೆತ ಲೇಪ ಇರುತ್ತದೆ. ಇದು ಬಾಳಿಕೆಗೆ ಒಳ್ಳೆಯದು. ಆದರೆ ಹಸಿ ಸಿಮೆಂಟಿಗೆ ನೇರವಾಗಿ ತಾಗಬಾರದು, ಸಿಮೆಂಟಿನ ಖಾರ ಆ ಲೇಪವನ್ನು ಸುಡುತ್ತದೆ.

3. ಅಲ್ಯೂಮಿನಿಯಂ: ಹಗುರ, ಕೈಯಲ್ಲೇ ಬಗ್ಗಿಸಬಹುದು, ಕಬ್ಬಿಣದಂತೆ ತುಕ್ಕು ಬರುವುದಿಲ್ಲ. ಹಿಗ್ಗುವುದು ಜಾಸ್ತಿಯಾದ್ದರಿಂದ ಉದ್ದುದ್ದ ತುಂಡು ಹಾಕಬಾರದು, ಸ್ಕ್ರೂ ತೂತನ್ನು ಸ್ವಲ್ಪ ಉದ್ದವಾಗಿ ಮಾಡಬೇಕು. ಇದಕ್ಕೂ ಹಸಿ ಸಿಮೆಂಟ್ ಆಗದು. ಗೋಡೆಯೊಳಗೆ ಹೋಗುವ ಅಂಚಿಗೆ ಟಾರ್ ಬಣ್ಣ ಬಳಿಯಬೇಕು.

4. ಬಿಟುಮಿನ್ ಟೇಪ್: ಒಂದು ಕಡೆ ಬೆಳ್ಳಿ ಹಾಳೆ, ಇನ್ನೊಂದು ಕಡೆ ಕಪ್ಪು ಅಂಟು ಇರುವ ಟೇಪ್. ಮಳೆಗಾಲದ ನಡುವೆ ತುರ್ತಿಗೆ ಒಳ್ಳೆಯದು. ಧೂಳು ಒರೆಸಿ, ಪೂರ್ತಿ ಒಣಗಿದ ಜಾಗಕ್ಕೆ ಒತ್ತಿ ಅಂಟಿಸಬೇಕು. ಇದನ್ನೇ ಕಾಯಂ ಪರಿಹಾರ ಎಂದುಕೊಳ್ಳಬೇಡಿ; ಬಿಸಿಲಿಗೆ ಅಂಟು ಮೆತ್ತಗಾಗಿ ಅಂಚು ಏಳುತ್ತದೆ.

5. ಪ್ಲಾಸ್ಟಿಕ್ ಪಟ್ಟಿ, ಹಳೆಯ ಫ್ಲೆಕ್ಸ್ ಬ್ಯಾನರ್: ಬಿಸಿಲಿಗೆ ಗರಿಗರಿಯಾಗಿ ಒಡೆಯುತ್ತವೆ. ಫ್ಲೆಕ್ಸ್ ಮೇಲೆ ಕಲ್ಲು ಹೇರಿಟ್ಟರೆ ಗಾಳಿಗೆ ಕಲ್ಲು ಉರುಳಿ ತಲೆ ಮೇಲೆ ಬೀಳುವ ಭಯ ಬೇರೆ.

ಜೊತೆ ಸೇರಬಾರದವು

ಹಳೆಯ ಟಾರ್ಚ್ ಸೆಲ್ಲು ನೀವೆಲ್ಲ ನೋಡಿದ್ದೀರಿ. ಅದನ್ನು ತೆಗೆಯದೆ ಬಿಟ್ಟರೆ ಹೊರಗಿನ ಸತುವಿನ ಡಬ್ಬಿ ತೂತಾಗಿ ರಸ ಸೋರುತ್ತದೆ. ಎರಡು ಬೇರೆ ಬೇರೆ ವಸ್ತುಗಳ ನಡುವೆ ತೇವ ಸೇರಿದಾಗ ಒಂದು ಇನ್ನೊಂದನ್ನು ತಿನ್ನುವ ಗುಣ ಅದು. ಚಾವಣಿಯ ಮೇಲೂ ಇದೇ ನಡೆಯುತ್ತದೆ. ತಾಮ್ರದ ತಂತಿ, ತಾಮ್ರದ ಪೈಪಿನ ಮೇಲಿಂದ ಹರಿದ ನೀರು ಜಿ.ಐ. ತಗಡಿನ ಮೇಲೆ ಬಿದ್ದರೆ ಸತು ಬೇಗ ಹೋಗುತ್ತದೆ. ಹಿತ್ತಾಳೆ ಸ್ಕ್ರೂವೂ ಬೇಡ. ತಗಡಿಗೆ ಸತು ಲೇಪದ ಸ್ಕ್ರೂ, ಅದರ ಕೆಳಗೆ ಬಿಸಿಲು ತಡೆಯುವ ಕಪ್ಪು ರಬ್ಬರಿನ ವಾಷರ್ ಹಾಕಿ. ಚಪ್ಪಲಿ, ಸೈಕಲ್ ಟ್ಯೂಬ್ ಕತ್ತರಿಸಿ ಮಾಡಿದ ವಾಷರ್ ಹೆಚ್ಚು ಕಾಲ ನಿಲ್ಲುವುದಿಲ್ಲ.

ಸಂದು ಮುಚ್ಚುವ ಸಿಲಿಕಾನ್ ಟ್ಯೂಬಿನಲ್ಲೂ ಎರಡು ಬಗೆ ಇವೆ. ಹಾಕುವಾಗ ವಿನೆಗರ್ ಥರ ಹುಳಿ ವಾಸನೆ ಬಂದರೆ ಅದು ಗಾಜಿಗೆ ಹಾಕುವಂಥದ್ದು. ಸತುವನ್ನು ತಿನ್ನುತ್ತದೆ, ಸಿಮೆಂಟಿಗೆ ಸರಿಯಾಗಿ ಅಂಟುವುದಿಲ್ಲ. 'ನ್ಯೂಟ್ರಲ್' ಎಂದು ಬರೆದದ್ದನ್ನು, ಇಲ್ಲವೇ ಪಿ.ಯು. ಸೀಲೆಂಟ್ ಕೇಳಿ.

ಮಳೆ ನೀರು ಹಿಡಿಯುವ ಮನೆಗಳಿಗೆ

ನಮ್ಮ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ತಕ್ಕದ್ದಲ್ಲ. ಹಲ್ಲಿಗೂ ಮೂಳೆಗೂ ಹಾನಿ. ಹಾಗಾಗಿ ಚಾವಣಿಯ ಮಳೆ ನೀರನ್ನು ತೊಟ್ಟಿಗೆ ಹಿಡಿದು ಕುಡಿಯಲು, ಅಡಿಗೆಗೆ ಬಳಸುವ ಮನೆಗಳಿವೆ. ಇಂಥ ಮನೆಯಲ್ಲಿ ಪಟ್ಟಿ ಆರಿಸುವಾಗ ನೀರು ಯಾವುದರ ಮೇಲೆ ಹರಿದು ಬರುತ್ತದೆ ಎಂದು ನೋಡಲೇಬೇಕು. ಸೀಸದ ಹಾಳೆ ಮೆತ್ತಗಿದ್ದು ಸಂದಿಗೆ ಚೆನ್ನಾಗಿ ಕೂರುತ್ತದೆ, ವಿದೇಶಗಳಲ್ಲಿ ಹಿಂದಿನಿಂದಲೂ ಬಳಸಿದ್ದಾರೆ. ಆದರೆ ಸೀಸ ವಿಷ, ಮಕ್ಕಳ ಬುದ್ಧಿ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಕುಡಿಯುವ ನೀರು ಹಿಡಿಯುವ ಚಾವಣಿಯ ಮೇಲೆ ಸೀಸದ ಹಾಳೆಯಾಗಲಿ, ಸೀಸ ಬೆರೆತ ಬಣ್ಣವಾಗಲಿ ಬೇಡವೇ ಬೇಡ. ನೀರು ಹರಿಯುವ ಜಾಗದಲ್ಲಿ ಟಾರ್ ಬಳಿಯುವುದೂ ಬೇಡ. ಹೊಸ ಪಟ್ಟಿ ಹಾಕಿದ ಮೇಲೆ ಮೊದಲ ಒಂದೆರಡು ಮಳೆಯ ನೀರನ್ನು ಹೊರಗೆ ಬಿಡಿ.

ಹಳೆಯ ಸಿಮೆಂಟ್ ಶೀಟಿನ ಮನೆಯವರಿಗೆ ಒಂದು ಮಾತು. ನಾವು ಸಿಮೆಂಟ್ ಶೀಟು ಎನ್ನುವ ಎಷ್ಟೋ ಶೀಟುಗಳಲ್ಲಿ ಆಸ್ಬೆಸ್ಟಾಸ್ ನಾರು ಇದೆ. ಎಲ್ಲ ಬಗೆಯ ಆಸ್ಬೆಸ್ಟಾಸ್ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅಪಾಯ ಇರುವುದು ಅದರ ಧೂಳನ್ನು ಉಸಿರಾಡುವುದರಲ್ಲಿ. ಪಟ್ಟಿ ಕೂರಿಸಲೆಂದು ಅಂಥ ಶೀಟನ್ನು ಗರಗಸದಲ್ಲಿ ಕೊಯ್ಯುವುದು, ಒಣಗಿದ್ದಾಗ ತೂತು ಹೊಡೆಯುವುದು, ಒಡೆದ ಚೂರನ್ನು ಪೊರಕೆಯಲ್ಲಿ ಗುಡಿಸುವುದು ಮಾಡಬೇಡಿ. ಮುಟ್ಟಲೇಬೇಕಾದರೆ ನೀರಿನಿಂದ ನೆನೆಸಿ, ಮೂಗಿಗೆ ಒಳ್ಳೆಯ ಮಾಸ್ಕ್ ಕಟ್ಟಿ, ಮಕ್ಕಳನ್ನು ದೂರ ಕಳಿಸಿ.

ಅಳತೆ ಹೇಗೆ ತೆಗೆಯಬೇಕು?

20 ಅಡಿ ಉದ್ದದ ಗೋಡೆಗೆ ಪಟ್ಟಿ ಬೇಕು ಎಂದುಕೊಳ್ಳಿ. ಪಟ್ಟಿಯ ಅಗಲ: ಗೋಡೆಯೊಳಗೆ ಸೇರಲು 1 ಇಂಚು, ಗೋಡೆಯ ಮೇಲೆ ನಿಲ್ಲಲು 6 ಇಂಚು, ಶೀಟಿನ ಮೇಲೆ ಹರಡಲು 8 ಇಂಚು, ಕೆಳಗಿನ ಅಂಚು ಮಡಚಲು 1 ಇಂಚು. ಒಟ್ಟು 16 ಇಂಚು. ಅಂಗಡಿಯಲ್ಲಿ ಸಿಗುವ 8 ಅಡಿ ಉದ್ದ, 4 ಅಡಿ ಅಗಲದ ಸಪಾಟು ತಗಡನ್ನು ಉದ್ದಕ್ಕೆ ಸೀಳಿದರೆ 16 ಇಂಚಿನ ಮೂರು ಪಟ್ಟಿ ಸರಿಯಾಗಿ ಬರುತ್ತವೆ. ಮೂರೂ ಸೇರಿ 24 ಅಡಿ. ಎರಡು ಕಡೆ 6 ಇಂಚು ಒಂದರ ಮೇಲೊಂದು ಹೊದಿಸಿದರೆ 23 ಅಡಿ ಉಳಿಯುತ್ತದೆ. ಅಂದರೆ 20 ಅಡಿ ಗೋಡೆಗೆ ಒಂದೇ ತಗಡು ಸಾಕು, ತುದಿಗಳನ್ನು ಮಡಚಲೂ ತಗಡು ಉಳಿಯುತ್ತದೆ. ಮಡಚುವ ಕೆಲಸವನ್ನು ಪಟ್ಟಣದ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಮಾಡಿಸಿ. ತಗಡು ಕತ್ತರಿಯಿಂದಲೇ ಕತ್ತರಿಸಲು ಹೇಳಿ. ಕಟಿಂಗ್ ಮಿಷನ್ ಹಚ್ಚಿದರೆ ಅಂಚಿನ ಸತು ಸುಟ್ಟು ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ.

ಖರ್ಚನ್ನು ವರ್ಷದ ಲೆಕ್ಕದಲ್ಲಿ ನೋಡಿ. ಉದಾಹರಣೆಗೆ, ಎರಡು ವರ್ಷಕ್ಕೊಮ್ಮೆ 600 ರೂಪಾಯಿ ಕೊಟ್ಟು ಸಿಮೆಂಟ್ ಮೆತ್ತಿಸಿದರೆ ವರ್ಷಕ್ಕೆ 300 ರೂಪಾಯಿ ಬಿತ್ತು. 2400 ರೂಪಾಯಿ ಹಾಕಿ ಮಾಡಿಸಿದ ಪಟ್ಟಿ 12 ವರ್ಷ ಬಂದರೆ ವರ್ಷಕ್ಕೆ 200 ರೂಪಾಯಿ. ಇವು ಲೆಕ್ಕ ತೋರಿಸಲು ಹಾಕಿದ ಅಂಕಿಗಳು. ನಿಮ್ಮ ಊರಿನ ದರ ಹಾಕಿ ನೀವೇ ಮಾಡಿ ನೋಡಿ.

ಕೂರಿಸುವಾಗ ಪಕ್ಕದಲ್ಲಿ ನಿಂತು ನೋಡಬೇಕಾದ್ದು

- ಗೋಡೆಯ ಗಾರೆಯಲ್ಲಿ ಒಂದು ಇಂಚು ಆಳದ ಗೆರೆ ಕೊರೆದು, ಪಟ್ಟಿಯ ಮೇಲಂಚನ್ನು ಅದರೊಳಗೆ ಸೇರಿಸಬೇಕು. ಗೋಡೆಗೆ ಬರಿದೇ ಆನಿಸಿ ಮೊಳೆ ಹೊಡೆದರೆ ಹಿಂದಿನಿಂದ ನೀರು ಇಳಿಯುತ್ತದೆ.
- ಕೊರೆದ ಗೆರೆಯನ್ನು ಸೀಲೆಂಟಿನಿಂದ ಮುಚ್ಚಬೇಕು. ಬರಿಯ ಜಿ.ಐ. ಪಟ್ಟಿಯಾದರೆ ಅಂಚಿಗೆ ಟಾರ್ ಬಣ್ಣ ಬಳಿದು ಗಾರೆಯಿಂದಲೂ ಮುಚ್ಚಬಹುದು. ಮಳೆ ನೀರು ಹಿಡಿಯುವ ಮನೆಯಾದರೆ ಟಾರ್ ಬಿಟ್ಟು ಸೀಲೆಂಟನ್ನೇ ಬಳಸಿ.
- ಪಟ್ಟಿಯನ್ನು ಗೋಡೆಗೆ ಗಟ್ಟಿಯಾಗಿ ಕೂರಿಸಿ, ಶೀಟಿನ ಕಡೆ ಸರಿದಾಡಲು ಬಿಡಬೇಕು. ಗಾಳಿಗೆ ಏಳದಂತೆ ಶೀಟಿನ ಕಡೆ ಹಾಕುವ ಸ್ಕ್ರೂಗೆ ಉದ್ದ ತೂತು ಇರಲಿ. ಸುರುಳಿ ಶೀಟಿನ ಉಬ್ಬಿನ ಮೇಲೆ ಸ್ಕ್ರೂ ಹಾಕಬೇಕು, ನೀರು ಹರಿಯುವ ತಗ್ಗಿನಲ್ಲಿ ಅಲ್ಲ.
- ಶೀಟಿನ ಪಕ್ಕದ ಅಂಚು ಗೋಡೆಗೆ ತಾಗುವ ಕಡೆ ಪಟ್ಟಿ ಎರಡು ಉಬ್ಬುಗಳನ್ನಾದರೂ ದಾಟಿ ಮುಚ್ಚಬೇಕು.
- ಇಳಿಜಾರಿನ ಗೋಡೆಯಲ್ಲಿ ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಮೇಲಿನ ತುಂಡು ಕೆಳಗಿನದರ ಮೇಲೆ ಬರಬೇಕು.
- ಮಣ್ಣಿನ ಗೋಡೆಗೆ ಗೆರೆ ಕೊರೆಸಬೇಡಿ, ಗೋಡೆ ಸಡಿಲವಾಗುತ್ತದೆ. ಸಾಧ್ಯವಾದರೆ ಶೀಟನ್ನೇ ಗೋಡೆಯ ತಲೆ ದಾಟಿ ಹೊರಗೆ ಚಾಚಿಸಿ.

ಕೆಲಸ ಮುಗಿದ ದಿನವೇ ಪರೀಕ್ಷೆ ಮಾಡಿ. ಒಬ್ಬರು ಮೇಲೆ ಬಿಂದಿಗೆಯಿಂದ ನೀರು ಹಾಕಲಿ, ಒಬ್ಬರು ಒಳಗೆ ನಿಂತು ನೋಡಲಿ. ಕೆಳಗಿನ ತುದಿಯಿಂದ ಶುರು ಮಾಡಿ ನಿಧಾನವಾಗಿ ಮೇಲಕ್ಕೆ ಬಂದರೆ ಎಲ್ಲಿ ಸೋರುತ್ತದೆ ಎಂಬುದು ಗೊತ್ತಾಗುತ್ತದೆ. ಈ ಪರೀಕ್ಷೆ ಆದ ಮೇಲೆಯೇ ಮೇಸ್ತ್ರಿಗೆ ಉಳಿದ ಕೂಲಿ ಕೊಡಿ. ಇದು ಅಪನಂಬಿಕೆ ಅಲ್ಲ, ಸಾಲದ ಹಣಕ್ಕೆ ನಾವು ಕೊಡುವ ಮರ್ಯಾದೆ.

ಹೆಂಚು, ಚಪ್ಪಡಿ, ಮೋಲ್ಡ್ ಮನೆಗಳಿಗೆ

ಹೆಂಚಿನ ಮನೆ: ಮಾಲೂರು ಹೆಂಚಿಗೆ ಹೆಸರಾದ ಊರು, ನಮ್ಮ ಎಷ್ಟೋ ಹಳೆಯ ಮನೆಗಳ ಮೇಲೆ ಆ ಹೆಂಚೇ ಇದೆ. ಹೆಂಚು ಗೋಡೆಗೆ ಸೇರುವ ಕಡೆಯೂ ಇದೇ ಜಿ.ಐ. ಪಟ್ಟಿ ಹಾಕಬಹುದು. ಪಟ್ಟಿ ಹೆಂಚಿನ ಮೇಲೆ ಚೆನ್ನಾಗಿ ಕೂರುವಂತೆ ಬಗ್ಗಿಸಬೇಕು. ಒಡೆದ ಹೆಂಚನ್ನು ಮೊದಲು ಬದಲಾಯಿಸಿ.

ಚಪ್ಪಡಿ ಮನೆ: ನಮ್ಮ ಜಿಲ್ಲೆಯ ಕಲ್ಲು ಚಪ್ಪಡಿ ಮನೆಗಳಲ್ಲಿ ಎರಡು ಚಪ್ಪಡಿಗಳ ನಡುವಿನ ಸಂದೇ ತೊಂದರೆ. ಹಿಂದಿನವರು ಸುಣ್ಣದ ಗಾರೆ ತುಂಬುತ್ತಿದ್ದರು. ಸುಣ್ಣ ಸಿಮೆಂಟಿಗಿಂತ ಮೆತ್ತಗಿದ್ದು ಸಣ್ಣ ಅಲುಗಾಟ ತಡೆದುಕೊಳ್ಳುತ್ತದೆ. ಸಡಿಲವಾದ ಗಾರೆಯನ್ನು ಪೂರ್ತಿ ಕೆರೆದು ತೆಗೆದು, ಸಂದು ಶುಚಿ ಮಾಡಿ, ಸುಣ್ಣ ಬೆರೆಸಿದ ಗಾರೆ ತುಂಬಿಸಿ, ಮೇಲೆ ಬಗ್ಗುವ ಗುಣದ ವಾಟರ್‌ಪ್ರೂಫ್ ಲೇಪ ಹಾಕಿಸಿ. ಹಳೆಯದರ ಮೇಲೇ ಮೆತ್ತಿದರೆ ಪ್ರಯೋಜನವಿಲ್ಲ.

ಮೋಲ್ಡ್ ಮನೆ: ತಾರಸಿ ಮತ್ತು ಸುತ್ತಲಿನ ಮೋಟುಗೋಡೆ ಸೇರುವ ಮೂಲೆಯಲ್ಲಿ ಸೋರುತ್ತದೆ. ಅಲ್ಲಿ ಮೂಲೆಯನ್ನು ಗುಂಡಗೆ ತಿರುಗಿಸಿ ಗಾರೆ ಮಾಡಿಸಿ, ವಾಟರ್‌ಪ್ರೂಫ್ ಲೇಪವನ್ನು ನೆಲದಿಂದ ಗೋಡೆಯ ಮೇಲೆ ಒಂದು ಅಡಿವರೆಗೂ ಹತ್ತಿಸಬೇಕು. ನೀರು ಹೋಗುವ ಪೈಪಿನ ಬಾಯಿಯಲ್ಲಿ ಎಲೆ, ಮಣ್ಣು ಕಟ್ಟದಂತೆ ನೋಡಿಕೊಳ್ಳಿ.

ಯಾವ ಮನೆಯಾದರೂ ವರ್ಷಕ್ಕೆ ಎರಡು ಸಲ, ಏಪ್ರಿಲ್ ಮೊದಲ ವಾರ ಮತ್ತು ಆಗಸ್ಟ್ ಕೊನೆಯಲ್ಲಿ, ಚಾವಣಿ ನೋಡಿಸಿ. ಸಡಿಲವಾದ ಸ್ಕ್ರೂ, ಬಿಳಿ ಪುಡಿಯಾದ ಸತು, ಕೆಂಪು ತುಕ್ಕು, ಎದ್ದ ಸೀಲೆಂಟ್ ಈ ನಾಲ್ಕನ್ನು ಹುಡುಕಿ. ಬಿಳಿ ಪುಡಿ ಕಂಡಾಗಲೇ ಉಜ್ಜಿ ಬಣ್ಣ ಬಳಿದರೆ ಪಟ್ಟಿ ಉಳಿಯುತ್ತದೆ. ಕೆಂಪು ತುಕ್ಕು ಬಂತೆಂದರೆ ಸತು ಮುಗಿದು ಕಬ್ಬಿಣದ ಸರದಿ ಶುರುವಾಯಿತು ಎಂದರ್ಥ. ಶೀಟಿನ ಮೇಲೆ ಕಾಲಿಟ್ಟು ಹತ್ತಬೇಡಿ, ಏಣಿಯಿಂದಲೇ ನೋಡಿ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದಲ್ಲಿ ಎಷ್ಟು ಮನೆಗಳು ಗೋಡೆ ಪಕ್ಕ ಸೋರುತ್ತವೆ? ಅವುಗಳಲ್ಲಿ ಎಷ್ಟಕ್ಕೆ ಸಂದು ಪಟ್ಟಿ ಇದೆ?
2. ಕಳೆದ ಐದು ವರ್ಷಗಳಲ್ಲಿ ಮನೆ ರಿಪೇರಿಗೆ ತೆಗೆದ ಸಾಲದಲ್ಲಿ ಒಂದೇ ಜಾಗಕ್ಕೆ ಎರಡು ಮೂರು ಸಲ ಖರ್ಚಾದದ್ದು ಎಷ್ಟು?
3. ಐದಾರು ಮನೆಯವರು ಸೇರಿ ಒಟ್ಟಿಗೆ ತಗಡು ತಂದು, ಒಟ್ಟಿಗೆ ಮಡಚಿಸಿದರೆ ಸಾಗಾಣಿಕೆ ಖರ್ಚು ಎಷ್ಟು ಉಳಿಯುತ್ತದೆ?
4. ಮನೆ ರಿಪೇರಿ ಸಾಲ ಕೇಳಿದವರ ಮನೆಗೆ ಇಬ್ಬರು ಸದಸ್ಯರು ಹೋಗಿ, ಸೋರುವುದು ಶೀಟೋ ಸಂದೋ ಎಂದು ನೋಡಿ ಬಂದ ಮೇಲೆ ಸಾಲದ ಮೊತ್ತ ತೀರ್ಮಾನಿಸಬಹುದೇ?

ನಾಲ್ಕನೆಯ ಪ್ರಶ್ನೆಗೆ ಹೆಚ್ಚು ಸಮಯ ಕೊಡಿ. ಇಡೀ ಚಾವಣಿ ಬದಲಾಯಿಸಲು ದೊಡ್ಡ ಸಾಲ ಕೇಳಲು ಬಂದ ಅಕ್ಕನಿಗೆ ಒಂದೇ ಒಂದು ತಗಡಿನಿಂದ ಕೆಲಸ ಆಗಬಹುದು ಎಂದು ಮೊದಲೇ ಗೊತ್ತಾದರೆ, ಉಳಿದ ಹಣ ಮಕ್ಕಳ ಫೀಸಿಗೋ ಹಸುವಿನ ಮೇವಿಗೋ ಆಗುತ್ತದೆ, ಕಂತು ಕಟ್ಟುವ ಚಿಂತೆಯೂ ಅಷ್ಟು ಕಡಿಮೆಯಾಗುತ್ತದೆ.